ಪದ್ಮಿನಿಯ ಕಾರ್ಬೋರೇಟರ್‌ಗೆ ಎಎಫ್ಆರ್ ಗೇಜ್: ಮೂರು ವರ್ಷ ಬಳಸಿದ ಮೇಲೆ

ನಮ್ಮದು 1978ರ ಪ್ರೀಮಿಯರ್ ಪದ್ಮಿನಿ. 1089 ಸಿಸಿ ಇಂಜಿನ್, ಒಂದೇ ಬಾಯಿಯ ಸೋಲೆಕ್ಸ್ ಕಾರ್ಬೋರೇಟರ್ (ಗಾಳಿಗೆ ಪೆಟ್ರೋಲ್ ಬೆರೆಸಿ ಇಂಜಿನ್ನಿಗೆ ಕೊಡುವ ಭಾಗ), ಸ್ಟೀರಿಂಗ್ ಪಕ್ಕದಲ್ಲೇ ಗೇರ್ ಕಡ್ಡಿ. ಅಪ್ಪ ಓಡಿಸಿದ ಗಾಡಿ, ಈಗ ನಾನು ಓಡಿಸುತ್ತೇನೆ. ಸಕಲೇಶಪುರದಿಂದ ಹಾಸನಕ್ಕೆ ವಾರಕ್ಕೆರಡು ಸಲ, ತಿಂಗಳಿಗೊಮ್ಮೆ ಶಿರಾಡಿ ಇಳಿದು ಮಂಗಳೂರಿಗೆ. ಶೋಗೆ ಇಟ್ಟ ಗಾಡಿಯಲ್ಲ, ದುಡಿಯುವ ಗಾಡಿ.

2022ರಲ್ಲಿ ಇದಕ್ಕೆ ಎಇಎಂ ಎಕ್ಸ್-ಸೀರೀಸ್ ವೈಡ್‌ಬ್ಯಾಂಡ್ ಗೇಜ್ ಹಾಕಿಸಿದೆ. ಇಂಜಿನ್ ಸೇರುವ ಗಾಳಿ-ಪೆಟ್ರೋಲ್ ಅನುಪಾತವನ್ನು (ಏರ್-ಫ್ಯೂಯೆಲ್ ರೇಶಿಯೊ, ಎಎಫ್ಆರ್) ತೋರಿಸುವ ಮೀಟರ್ ಇದು. ಗೇಜ್, ಅದರ ಜೊತೆ ಬರುವ ಬಾಷ್ ಎಲ್‌ಎಸ್‌ಯು 4.9 ಸೆನ್ಸರ್, ಹೊರದೇಶದಿಂದ ತರಿಸಿದ ಖರ್ಚು, ಸುಂಕ ಎಲ್ಲ ಸೇರಿ ಮೂವತ್ತೈದು ಸಾವಿರದ ಹತ್ತಿರ ಬಂತು. ಅಷ್ಟು ದುಡ್ಡಿಗೆ ಕಾರ್ಬೋರೇಟರನ್ನೇ ನಾಲ್ಕು ಸಲ ಬಿಚ್ಚಿ ಸರ್ವಿಸ್ ಮಾಡಿಸಬಹುದು ಎಂದು ಮನೆಯಲ್ಲಿ ಹೇಳಿದರು. ಲೆಕ್ಕ ಸರಿಯೇ. ಆದರೆ ಅದಕ್ಕೂ ಮೊದಲಿನ ಎರಡು ವರ್ಷದಲ್ಲಿ ನಾನು ಮಾಡಿಸಿದ್ದು ಅದನ್ನೇ. ಒಬ್ಬೊಬ್ಬ ಮೆಕ್ಯಾನಿಕ್ ಒಂದೊಂದು ರೀತಿ ಏರ್ ಸ್ಕ್ರೂ (ಮಿಶ್ರಣ ಹದ ಮಾಡುವ ತಿರುಪು) ತಿರುಗಿಸಿ ಕೊಡುತ್ತಿದ್ದರು, ಹತ್ತು ದಿನಕ್ಕೆ ಗಾಡಿ ಮತ್ತೆ ಅದೇ ಹಳೇ ರಾಗ.

ಗೇಜ್ ಮಾಡುವ ಕೆಲಸ ಇಷ್ಟು: ಸೈಲೆನ್ಸರ್ ಪೈಪಿನಲ್ಲಿ ಹೋಗುವ ಹೊಗೆಯಲ್ಲಿ ಎಷ್ಟು ಆಮ್ಲಜನಕ ಉಳಿದಿದೆ, ಇಲ್ಲವೇ ಎಷ್ಟು ಕಡಿಮೆ ಬಿದ್ದಿದೆ ಎಂದು ಸೆನ್ಸರ್ ಅಳೆಯುತ್ತದೆ. ಅದರಿಂದ ಇಂಜಿನ್ ಒಳಗೆ ಹೋದ ಗಾಳಿ ಮತ್ತು ಪೆಟ್ರೋಲ್ ತೂಕದ ಅನುಪಾತವನ್ನು ಲೆಕ್ಕ ಹಾಕಿ ತೋರಿಸುತ್ತದೆ. ಶುದ್ಧ ಪೆಟ್ರೋಲಿಗೆ 14.7 ಪಾಲು ಗಾಳಿಗೆ ಒಂದು ಪಾಲು ಪೆಟ್ರೋಲ್ ಸರಿಸಮ, ಅಂದರೆ ಎರಡೂ ಉಳಿಯದೆ ಉರಿಯುವ ಅಳತೆ. ಅಂಕಿ ಅದಕ್ಕಿಂತ ಕೆಳಗೆ ಬಂದರೆ ರಿಚ್ (ಪೆಟ್ರೋಲ್ ಹೆಚ್ಚು), ಮೇಲೆ ಹೋದರೆ ಲೀನ್ (ಪೆಟ್ರೋಲ್ ಕಡಿಮೆ). ಕಡಿಮೆ ಬೆಲೆಗೆ ಸಿಗುವ ನ್ಯಾರೋಬ್ಯಾಂಡ್ ಮೀಟರ್ ಆ ಒಂದು ಗೆರೆಯ ಆಚೆಗೋ ಈಚೆಗೋ ಎಂದು ಮಾತ್ರ ಹೇಳುತ್ತದೆ, ಎಷ್ಟು ಆಚೆ ಎಂದು ಹೇಳುವುದಿಲ್ಲ. ಕಾರ್ಬೋರೇಟರ್ ಟ್ಯೂನಿಂಗಿಗೆ ಬೇಕಾಗಿರುವುದೇ ಆ 'ಎಷ್ಟು'. ದಯವಿಟ್ಟು ನ್ಯಾರೋಬ್ಯಾಂಡ್ ಮೀಟರಿಗೆ ದುಡ್ಡು ಹಾಕಬೇಡಿ.

ಹಾಕಿಸಿದ ಮೊದಲ ತಿಂಗಳೇ ಒಂದು ಸೆನ್ಸರ್ ಕಳೆದುಕೊಂಡೆ. ವೆಲ್ಡಿಂಗ್ ಅಂಗಡಿಯಲ್ಲಿ ಸೆನ್ಸರ್ ಕೂರಿಸುವ ನಟ್ಟನ್ನು, ಎಂ18 ಥ್ರೆಡ್ಡಿನದು, ಕೈಗೆ ಸಿಗುವ ಜಾಗ ಎಂದು ಪೈಪಿನ ಅಡಿಭಾಗದಲ್ಲಿ ಬೆಸೆದುಬಿಟ್ಟಿದ್ದರು. ನಾನೂ ಬಗ್ಗಿ ನೋಡಲಿಲ್ಲ. ಮಲೆನಾಡಿನ ಬೆಳಗಿನ ಥಂಡಿಗೆ ಪೈಪಿನೊಳಗೆ ನೀರು ಕಟ್ಟುತ್ತದೆ. ಸೆನ್ಸರ್ ಒಳಗಿನ ಹೀಟರ್ ಕೆಂಪಗೆ ಕಾಯುವಾಗ ಆ ನೀರು ತಾಗಿದರೆ ಸಿರಾಮಿಕ್ ಸೀಳಿಹೋಗುತ್ತದೆ. ಆದ್ದರಿಂದ ಸೆನ್ಸರ್ ಪೈಪಿನ ಮೇಲ್ಭಾಗದಲ್ಲಿ ಮೂತಿ ಕೆಳಗೆ ಮಾಡಿ ಇರಬೇಕು. ಗಡಿಯಾರದ ಹತ್ತು ಗಂಟೆಗೂ ಎರಡು ಗಂಟೆಗೂ ನಡುವೆ ಎಲ್ಲಾದರೂ ಆಯಿತು. ವೆಲ್ಡರ್ ಪಕ್ಕದಲ್ಲೇ ನಿಂತು ಮಾಡಿಸಿ.

ಎರಡನೆಯ ತೊಡಕು ಕರೆಂಟಿನದು. ನಮ್ಮ ಗಾಡಿಯಲ್ಲಿ ಆಗ ಇದ್ದದ್ದು ಹಳೇ ಡೈನಮೊ. ರಾತ್ರಿ ಹೆಡ್‌ಲೈಟ್ ಹಾಕಿಕೊಂಡು ಸಿಗ್ನಲ್ಲಿನಲ್ಲಿ ಸ್ಲೋನಲ್ಲಿ (ಪೆಡಲ್ ಒತ್ತದೆ ಇಂಜಿನ್ ಓಡುತ್ತಿರುವಾಗ) ನಿಂತರೆ ವೋಲ್ಟೇಜ್ ಇಳಿದು ಗೇಜ್ ಕಣ್ಣು ಮುಚ್ಚುತ್ತಿತ್ತು. ಆಲ್ಟರ್ನೇಟರ್ ಹಾಕಿಸಿದ ಮೇಲೆ ಆ ಕಾಟ ತಪ್ಪಿತು. ಡೈನಮೊ ಗಾಡಿಯವರು ಈ ಖರ್ಚನ್ನೂ ಸೇರಿಸಿ ಲೆಕ್ಕ ಹಾಕಿ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಗೇಜ್ ಹಾಕಿದ ಕೂಡಲೇ ಸ್ಲೋನಲ್ಲಿ ಅಂಕಿ 16, 17 ಎಂದು ಕುಣಿಯುತ್ತಿತ್ತು. ವಿಪರೀತ ಲೀನ್ ಎಂದುಕೊಂಡು ಪೆಟ್ರೋಲ್ ಹೆಚ್ಚಿಸಲು ಸ್ಕ್ರೂ ಬಿಚ್ಚಿದೆ, ಇನ್ನೂ ಬಿಚ್ಚಿದೆ. ಅಂಕಿ ಇಳಿಯಲೇ ಇಲ್ಲ, ಗಾಡಿ ಮಾತ್ರ ಗುಡುಗುಟ್ಟತೊಡಗಿತು. ನಮ್ಮ ಮೇಸ್ತ್ರಿ ನಾಲ್ಕು ಪ್ಲಗ್ಗನ್ನೂ ಬಿಚ್ಚಿ ಬಾನೆಟ್ ಮೇಲೆ ಸಾಲಾಗಿ ಇಟ್ಟರು. ಮೂರು ಪ್ಲಗ್ ಕಾಫಿಪುಡಿ ಬಣ್ಣ, ಮೂರನೇ ಸಿಲಿಂಡರಿನದು ಒದ್ದೆ, ಮಸಿ.

"ನಿಮ್ಮ ಮೀಟ್ರು ಲೀನ್ ಅಂತಿದೆ ಸಾರ್, ಪ್ಲಗ್ಗು ರಿಚ್ ಅಂತಿದೆ. ಯಾವುದನ್ನ ನಂಬಾಣ?" ಎಂದರು.

ಎರಡೂ ನಿಜ ಹೇಳುತ್ತಿದ್ದವು. ಪ್ಲಗ್ಗುಗಳಿಗೆ ಕಿಡಿಯ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರ್ ಕ್ಯಾಪಿನಲ್ಲಿ ಕೂದಲೆಳೆಯಷ್ಟು ಬಿರುಕಿತ್ತು, ಮೂರನೇ ಸಿಲಿಂಡರ್ ಮಿಸ್ಸಿಂಗ್ ಹೊಡೆಯುತ್ತಿತ್ತು. ಉರಿಯದೆ ಹೊರಬಂದ ಗಾಳಿಯ ಆಮ್ಲಜನಕವನ್ನೇ ಸೆನ್ಸರ್ ಕಂಡು ಲೀನ್ ಎನ್ನುತ್ತಿತ್ತು. ಉರಿಯದೆ ಬಂದ ಪೆಟ್ರೋಲನ್ನು ಅದು ಸರಿಯಾಗಿ ಲೆಕ್ಕಕ್ಕೆ ಹಿಡಿಯುವುದಿಲ್ಲ, ಆಮ್ಲಜನಕವನ್ನೇ ನೋಡುತ್ತದೆ. ಕ್ಯಾಪ್ ಬದಲಿಸಿದ ಕ್ಷಣಕ್ಕೆ ಅಂಕಿ 12.1ಕ್ಕೆ ಬಂದು ನಿಂತಿತು. ಗಾಡಿ ಮೊದಲಿನಿಂದಲೂ ರಿಚ್ಚೇ ಇತ್ತು. ಹೊಗೆ ಹೋಗುವ ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಗ್ಯಾಸ್ಕೆಟ್ ಸೋರಿದರೂ ಹೀಗೇ ಆಗುತ್ತದೆ, ಹೊರಗಿನ ಗಾಳಿ ಒಳಸೇರಿ ಸುಳ್ಳು ಲೀನ್ ತೋರಿಸುತ್ತದೆ. ಪಾಯಿಂಟ್ ಸೆಟ್ಟು, ಕ್ಯಾಪು, ಪ್ಲಗ್ಗು, ಟೈಮಿಂಗ್, ಗ್ಯಾಸ್ಕೆಟ್ಟು ಇಷ್ಟೂ ಸರಿಯಿದೆ ಎಂದು ಖಾತ್ರಿಯಾಗುವವರೆಗೆ ಗೇಜ್ ನೋಡಿಕೊಂಡು ಕಾರ್ಬೋರೇಟರ್ ಮುಟ್ಟಬಾರದು. ನನಗೆ ಇದನ್ನು ಮೊದಲೇ ಯಾರಾದರೂ ಹೇಳಿದ್ದರೆ ಒಂದು ತಿಂಗಳು ಉಳಿಯುತ್ತಿತ್ತು.

ಆಮೇಲಿನ ಟ್ಯೂನಿಂಗ್ ನಿಜಕ್ಕೂ ಖುಷಿಯ ಕೆಲಸ. ಮೇಸ್ತ್ರಿ ಗಾಡಿ ಓಡಿಸುವುದು, ನಾನು ಪಕ್ಕದಲ್ಲಿ ಕೂತು ಗೇಜ್ ನೋಡಿ ಬರೆದುಕೊಳ್ಳುವುದು. (ಓಡಿಸುವವರೇ ಗೇಜ್ ನೋಡುತ್ತಾ ಹೋಗಬೇಡಿ.) ಸ್ಲೋನಲ್ಲಿ 13.5ರ ಆಸುಪಾಸು ನಮ್ಮ ಇಂಜಿನ್ ನೀಟಾಗಿ ನಿಲ್ಲುತ್ತದೆ. ಅದಕ್ಕೆ ಏರ್ ಸ್ಕ್ರೂ ಸಾಕು. ಹದವಾಗಿ 60ರಲ್ಲಿ ಹೋಗುವಾಗ 14ರಿಂದ 14.5, ಅದು ಮೇನ್ ಜೆಟ್ಟಿನ (ಪೆಟ್ರೋಲ್ ಹಾಯುವ ಅಳತೆಯ ತೂತಿರುವ ಹಿತ್ತಾಳೆ ತುಂಡು) ಪಾಲು. ದೋಣಿಗಾಲದ ಏರಿನಲ್ಲಿ ಪೆಡಲ್ ಪೂರ್ತಿ ಒತ್ತಿದಾಗ 12.5ರಿಂದ 13 ಇರಬೇಕು. ಅಲ್ಲಿ ಲೀನ್ ಆದರೆ ಇಂಜಿನ್ ಕಾದು ವಾಲ್ವ್ ಸುಡುತ್ತದೆ. ಮೇಲಿನ ಆರ್‌ಪಿಎಂನಲ್ಲಿ ಮಾತ್ರ ರಿಚ್ ಆಗುತ್ತಿದ್ದರೆ ಮೇನ್ ಜೆಟ್ ಮುಟ್ಟದೆ ಗಾಳಿ ಹಾಯುವ ಏರ್ ಕರೆಕ್ಷನ್ ಜೆಟ್ಟನ್ನು ಒಂದು ಸೈಜು ದೊಡ್ಡದು ಮಾಡಿದರೆ ಸರಿಹೋಗುತ್ತದೆ. ಮೊದಲು ಫ್ಲೋಟ್ ಮಟ್ಟ (ಕಾರ್ಬೋರೇಟರ್ ಬಟ್ಟಲಿನ ಪೆಟ್ರೋಲ್ ಮಟ್ಟ), ಆಮೇಲೆ ಜೆಟ್ಟು, ಕೊನೆಗೆ ಸ್ಕ್ರೂ. ಒಂದು ಸಲಕ್ಕೆ ಒಂದೇ ಬದಲಾವಣೆ.

ಪಿಕಪ್‌ನಲ್ಲಿ ಒಂದು ಮುಗ್ಗರಿಸುವ ರೋಗವೂ ಇತ್ತು. ಪೆಡಲ್ ಒತ್ತಿದ ತಕ್ಷಣ ಅಂಕಿ 18ಕ್ಕೆ ನೆಗೆದು ಒಂದು ಸೆಕೆಂಡು ಬಿಟ್ಟು ಇಳಿಯುವುದನ್ನು ಕಂಡಾಗ ರೋಗ ಆಕ್ಸಿಲರೇಟರ್ ಪಂಪಿನದು (ಪೆಡಲ್ ಒತ್ತಿದಾಗ ಹೆಚ್ಚುವರಿ ಪೆಟ್ರೋಲ್ ಚಿಮ್ಮಿಸುವುದು) ಎಂದು ಗೊತ್ತಾಯಿತು. ಬಿಚ್ಚಿದರೆ ಡಯಾಫ್ರಾಮ್ ಹಪ್ಪಳದ ಹಾಗೆ ಗಟ್ಟಿಯಾಗಿತ್ತು. ಎರಡು ವರ್ಷ ಎಲ್ಲರೂ ಜೆಟ್ಟಿನಲ್ಲಿ ಹುಡುಕಿದ ರೋಗ ಅಲ್ಲಿ ಅಡಗಿತ್ತು.

ಶಿರಾಡಿ ಇಳಿದಾಗ ಕಂಡದ್ದು ಇನ್ನೊಂದು. ಸಕಲೇಶಪುರ ಸಮುದ್ರಮಟ್ಟದಿಂದ ಒಂಬೈನೂರು ಮೀಟರಿಗಿಂತ ಎತ್ತರ. ಉಪ್ಪಿನಂಗಡಿಯ ಸಮತಟ್ಟಿನಲ್ಲಿ ಅದೇ ವೇಗ, ಅದೇ ಜೆಟ್ಟು, ಅಂಕಿ ಮಾತ್ರ ಸುಮಾರು ಅರ್ಧ ಪಾಯಿಂಟ್ ಮೇಲೆ. ಕೆಳಗೆ ಗಾಳಿ ದಟ್ಟ, ಜೆಟ್ಟಿನ ತೂತು ಅಷ್ಟೇ. ಮೇಲೆ ಕೂತು 14.5ಕ್ಕೆ ಟ್ಯೂನ್ ಮಾಡಿದ ಗಾಡಿ ಕೆಳಗೆ 15. ಹಾಗಾಗಿ ಘಟ್ಟ ಹತ್ತಿ ಇಳಿಯುವವರು ಮೇಲೆ ಟ್ಯೂನ್ ಮಾಡುವಾಗ ಸ್ವಲ್ಪ ರಿಚ್ ಕಡೆಗೇ ಬಿಟ್ಟಿರಬೇಕು.

ಇಷ್ಟೆಲ್ಲ ಹದಕ್ಕೆ ಬಂದ ಮೇಲೆ 2023ರ ಕೊನೆಗೆ ಗಾಡಿ ಮತ್ತೆ ಎಳೆತ ಕಳೆದುಕೊಂಡಿತು. ನೋಡಿದರೆ 60ರಲ್ಲಿ 15ರ ಹತ್ತಿರ. ಕಸ ಸಿಕ್ಕಿದೆ ಎಂದು ಜೆಟ್ ಊದಿದೆವು, ಪಂಪ್ ನೋಡಿದೆವು, ಏನೂ ಇಲ್ಲ. ಕೊನೆಗೆ ಹೊಳೆಯಿತು: ನಾನು ಹಾಕಿಸುತ್ತಿದ್ದ ಬಂಕಿನಲ್ಲಿ ಇ20, ಅಂದರೆ ಶೇಕಡ 20 ಎಥನಾಲ್ ಬೆರೆತ ಪೆಟ್ರೋಲ್, ಬಂದಿತ್ತು. ಅದೇ ವರ್ಷ ಫೆಬ್ರವರಿಯಲ್ಲಿ ಬೆಂಗಳೂರಿನ ಇಂಡಿಯಾ ಎನರ್ಜಿ ವೀಕ್‌ನಲ್ಲಿ ಪ್ರಧಾನಿ ಚಾಲನೆ ಕೊಟ್ಟಿದ್ದ ಇಂಧನ. ಎಥನಾಲ್‌ಗೆ ಸರಿಸಮ ಅನುಪಾತ 9. ಶೇಕಡ 20 ಬೆರೆತಾಗ ಮಿಶ್ರಣದ ಸರಿಸಮ ಸುಮಾರು 13.5ಕ್ಕೆ ಇಳಿಯುತ್ತದೆ. ಅಂದರೆ ಅಷ್ಟೇ ಗಾಳಿಗೆ ಹೆಚ್ಚು ಇಂಧನ ಬೇಕು. ಇಂಜೆಕ್ಷನ್ ಗಾಡಿಯಲ್ಲಿ ಇಸಿಯು (ಇಂಜಿನ್ನಿನ ಕಂಪ್ಯೂಟರ್) ತಾನೇ ಸರಿದೂಗಿಸಿಕೊಳ್ಳುತ್ತದೆ. ನಮ್ಮ ಹಿತ್ತಾಳೆ ಜೆಟ್ಟಿಗೆ ಏನು ಗೊತ್ತಾಗಬೇಕು?

ಇಲ್ಲಿ ಒಂದು ಸೂಕ್ಷ್ಮ ತಿಳಿದಿರಲಿ. ಗೇಜ್ ಒಳಗೆ ಅಳೆಯುವುದು ಲ್ಯಾಂಬ್ಡಾ (ಇರುವ ಅನುಪಾತ ಆ ಇಂಧನದ ಸರಿಸಮದ ಎಷ್ಟು ಪಟ್ಟು ಎಂಬ ಅಂಕಿ, ಸರಿಸಮ ಎಂದರೆ 1), ಅದನ್ನು 14.7ರಿಂದ ಗುಣಿಸಿ ನಮಗೆ ತೋರಿಸುತ್ತದೆ. ಆದ್ದರಿಂದ ಯಾವ ಇಂಧನ ಹಾಕಿದರೂ ಗೇಜಿನಲ್ಲಿ 14.7 ಎಂದರೆ ಸರಿಸಮ ಎಂದೇ ಅರ್ಥ, ಹಳೇ ಗುರಿಗಳನ್ನು ಬದಲಿಸಬೇಕಿಲ್ಲ. ಬದಲಿಸಬೇಕಾದದ್ದು ಜೆಟ್ಟು. ಜೆಟ್ ಮೇಲಿನ ಅಂಕಿ ಎಂದರೆ ತೂತಿನ ವ್ಯಾಸ, ಮಿಲಿಮೀಟರಿನ ನೂರನೇ ಭಾಗದಲ್ಲಿ. ಉದಾಹರಣೆಗೆ 120ರಿಂದ 125ಕ್ಕೆ ಹೋದರೆ ವ್ಯಾಸ ಶೇಕಡ 4 ಹೆಚ್ಚಿದರೂ ತೂತಿನ ವಿಸ್ತೀರ್ಣ ಶೇಕಡ 8ಕ್ಕೂ ಮೀರಿ ಹೆಚ್ಚುತ್ತದೆ. ನಾನು ಒಂದೇ ಸೈಜು ಏರಿಸಿದೆ, ಅಂಕಿ 14ಕ್ಕೆ ಬಂತು, ಎಳೆತವೂ ಬಂತು. ಮೈಲೇಜ್ ಮೊದಲ ಟ್ಯೂನಿಂಗಿನಲ್ಲಿ 12ರಿಂದ 14ಕ್ಕೆ ಏರಿದ್ದು ಈಗ 13. ಗೇಜ್ ಇಲ್ಲದಿದ್ದರೆ ನಾನು ಆ ಲೀನ್ ಮಿಶ್ರಣದಲ್ಲೇ ತಿಂಗಳುಗಟ್ಟಲೆ ಘಟ್ಟ ಹತ್ತುತ್ತಿದ್ದೆ ಎಂದು ನೆನೆದರೆ ಈಗಲೂ ಕಸಿವಿಸಿಯಾಗುತ್ತದೆ. ಊರಲ್ಲಿ ಉಳಿದಿರುವ ಅಂಬಾಸಿಡರ್, ಹಳೇ ಮಾರುತಿ 800 ಎಷ್ಟೋ ಹಾಗೇ ಓಡುತ್ತಿವೆ.

ಎಲ್ಲರೂ ಕೊಳ್ಳಬೇಕೇ? ವರ್ಷಕ್ಕೆ ಸಾವಿರ ಕಿಲೋಮೀಟರ್ ಓಡದ ಗಾಡಿಗೆ ಬೇಡ. ನಾಲ್ಕೈದು ಜನ ಹಳೇ ಗಾಡಿಯವರು ಸೇರಿ ಒಂದು ಕೊಳ್ಳಿ, ಪ್ರತಿ ಗಾಡಿಯ ಪೈಪಿಗೂ ನಟ್ ಬೆಸೆಸಿ, ಟ್ಯೂನಿಂಗ್ ಮುಗಿದ ಮೇಲೆ ಸೆನ್ಸರ್ ಬಿಚ್ಚಿ ಬೋಲ್ಟ್ ಹಾಕಿ ಮುಚ್ಚಿ. ಕರೆಂಟ್ ಕೊಡದೆ ಸೆನ್ಸರನ್ನು ಪೈಪಿನಲ್ಲೇ ಬಿಟ್ಟು ಓಡಿಸಿದರೆ ಮಸಿ ಕಟ್ಟಿ ಹಾಳಾಗುತ್ತದೆ. ನನ್ನ ಎರಡನೇ ಸೆನ್ಸರ್ ಮೂರು ವರ್ಷಕ್ಕೆ ಹತ್ತಿರ ಬಂತು, ಇನ್ನೂ ಚೆನ್ನಾಗಿದೆ. ಕಳೆದ ತಿಂಗಳು ಮೇಸ್ತ್ರಿ ತಾವೇ ಕೇಳಿ ನನ್ನ ಗೇಜನ್ನು ಒಂದು ಅಂಬಾಸಿಡರ್‌ಗೆ ಕಟ್ಟಿಕೊಂಡು ಹೋದರು. ಹೋಗುವಾಗ ಹೇಳಿದ್ದು: "ಮೊದ್ಲು ಕ್ಯಾಪು ನೋಡ್ತೀನಿ ಸಾರ್, ಆಮೇಲೆ ಮೀಟ್ರು."