ಮಷಿನೇರಿಯಂ: ವರ್ಷಗಟ್ಟಲೆ ಆಡಿದ ಮೇಲೆ ಬರೆಯುತ್ತಿರುವ ಮಾತು

ಮಷಿನೇರಿಯಂ ಬಂದದ್ದು 2009ರಲ್ಲಿ. ಇಷ್ಟು ಹಳೆಯ ಗೇಮ್ ಬಗ್ಗೆ ಈಗ ಬರೆಯಲು ಕಾರಣ ಇದೆ. ನಮ್ಮ ಮನೆಯಲ್ಲಿ ಅಪ್ಪ, ನಾನು, ಮಗಳು ಮೂವರೂ ಒಂದೇ ಸ್ಕ್ರೀನ್ ಮುಂದೆ ಕೂತು ಆಡುವ ಗೇಮ್ ಇದೊಂದೇ. ಮೊದಲು ಲ್ಯಾಪ್‌ಟಾಪ್‌ನಲ್ಲಿ ಆಡುತ್ತಿದ್ದೆ, ಆಮೇಲೆ ಟ್ಯಾಬ್‌ಗೂ ಕೊಂಡೆ. ಎರಡು ಸಲ ದುಡ್ಡು ಕೊಟ್ಟಿದ್ದಕ್ಕೆ ಬೇಸರವಿಲ್ಲ.

ಕಥೆ ಚಿಕ್ಕದು. ಜೋಸೆಫ್ ಎಂಬ ಪುಟ್ಟ ರೋಬೋನನ್ನು ಊರಾಚೆಯ ಗುಜರಿ ರಾಶಿಗೆ ಎಸೆದಿರುತ್ತಾರೆ. ಅವನು ಬಿಡಿಭಾಗಗಳನ್ನು ಹುಡುಕಿ ತನ್ನನ್ನು ತಾನೇ ಜೋಡಿಸಿಕೊಂಡು ಊರೊಳಗೆ ನುಸುಳಬೇಕು. ಅಲ್ಲಿ ಪುಂಡರ ಗುಂಪು ಇಟ್ಟ ಬಾಂಬನ್ನು ತಡೆಯಬೇಕು, ಅವರು ಕೂಡಿಹಾಕಿದ ಗೆಳತಿಯನ್ನು ಬಿಡಿಸಬೇಕು. ಇಷ್ಟಕ್ಕೂ ಸಂಭಾಷಣೆಯೇ ಇಲ್ಲ. ತಲೆಯ ಮೇಲೆ ಒಂದು ಗುಳ್ಳೆ ಮೂಡುತ್ತದೆ, ಅದರೊಳಗೆ ಚಿತ್ರಗಳು ಚಲಿಸುತ್ತವೆ, ವಿಷಯ ಅರ್ಥವಾಗುತ್ತದೆ. ಜೋಸೆಫ್‌ನನ್ನು ಏನೂ ಮಾಡಿಸದೆ ಸುಮ್ಮನೆ ಬಿಟ್ಟರೆ ಅವನು ಹಳೆಯದನ್ನು ನೆನೆಸಿಕೊಳ್ಳುತ್ತಾನೆ. ಮಗಳು ಆ ನೆನಪುಗಳಿಗಾಗಿಯೇ ಮೌಸ್ ಬಿಟ್ಟು ಕಾಯುತ್ತಾಳೆ.

ಇದು ಪಾಯಿಂಟ್ ಅಂಡ್ ಕ್ಲಿಕ್ ಗೇಮ್, ಅಂದರೆ ಸ್ಕ್ರೀನ್ ಮೇಲಿನ ವಸ್ತುಗಳನ್ನು ಒತ್ತಿ ಒಗಟು ಬಿಡಿಸುವ ಆಟ. ಇಂಥ ಬೇರೆ ಗೇಮ್‌ಗಳಲ್ಲಿ ಸ್ಕ್ರೀನ್ ತುಂಬ ಕ್ಲಿಕ್ ಮಾಡುತ್ತಾ ಹೋದರೆ ಏನಾದರೂ ಸಿಕ್ಕೇ ಸಿಗುತ್ತದೆ. ಇಲ್ಲಿ ಆ ಆಟ ನಡೆಯದು. ಜೋಸೆಫ್ ಕೈಗೆ ಎಟಕುವ ವಸ್ತುವನ್ನು ಮಾತ್ರ ಮುಟ್ಟಬಹುದು. ಅದಕ್ಕಾಗಿ ಅವನ ಮೈಯನ್ನು ಉದ್ದ ಮಾಡಬೇಕು, ಇಲ್ಲವೇ ಗಿಡ್ಡ ಮಾಡಬೇಕು. ಅಪ್ಪ ಪೀಣ್ಯದಲ್ಲಿ ಲೇತ್ ಮೇಲೆ ಕೆಲಸ ಮಾಡಿ ನಿವೃತ್ತರಾದವರು. ಪೈಪು, ವಾಲ್ವು, ರಾಟೆ ಕಂಡರೆ ಯಾವುದು ಎಲ್ಲಿಗೆ ಹೋಗುತ್ತದೆ ಎಂದು ನನಗಿಂತ ಮೊದಲೇ ಹೇಳುತ್ತಾರೆ. "ಪುಟ್ಟಿ, ಅವನ್ನ ಇನ್ನೊಂಚೂರು ಎತ್ತರ ಮಾಡಮ್ಮ, ಮೇಲಿರೋದು ಸಿಗತ್ತೆ" ಅಂತಾರೆ. "ತಾತ, ಮೊದಲು ಆ ಕಡೆ ನಡೀಬೇಕು" ಅಂತ ಇವಳು. ಊರೊಳಗೆ ಹೋಗಲು ಕಾವಲುಗಾರನ ವೇಷ ಹಾಕಬೇಕಾದ ಸ್ಕ್ರೀನ್ ಶುರುವಿನಲ್ಲೇ ಬರುತ್ತದೆ. ಟ್ರಾಫಿಕ್ ಕೋನ್‌ಗೆ ನೀಲಿ ಬಣ್ಣ ಹತ್ತಿಸಿ, ತುದಿಗೆ ಬಲ್ಬ್ ಸಿಕ್ಕಿಸಿ, ಅದನ್ನೇ ಟೋಪಿ ಮಾಡಿಕೊಳ್ಳಬೇಕು. ಅದು ಹೊಳೆದಾಗ ಇಬ್ಬರೂ ಕೂಗಿದ ಕೂಗಿಗೆ ಅಡುಗೆಮನೆಯಿಂದ ಅಮ್ಮ ಓಡಿ ಬಂದಿದ್ದರು.

ಸಿಕ್ಕಿಹಾಕಿಕೊಂಡರೆ ಪ್ರತಿ ಸ್ಕ್ರೀನ್‌ಗೂ ಒಂದು ಸುಳಿವು ಸಿಗುತ್ತದೆ. ಪೂರ್ತಿ ಪರಿಹಾರ ಬೇಕಾದರೆ ಬೀಗ ಹಾಕಿದ ಪುಸ್ತಕ ಇದೆ. ಪುಟ್ಟ ಕೀಲಿಯೊಂದನ್ನು ಹಾರಿಸುತ್ತಾ ಜೇಡಗಳಿಗೆ ಗುಂಡು ಹೊಡೆದು ದಾಟಿದರೆ ಮಾತ್ರ ಅದು ತೆರೆಯುತ್ತದೆ. ಈ ಏರ್ಪಾಡು ನನಗೆ ತುಂಬಾ ಹಿಡಿಸಿತು. ಉತ್ತರ ಕೈಯಳತೆಯಲ್ಲಿದ್ದರೂ ಪುಕ್ಕಟೆ ಸಿಗುವುದಿಲ್ಲ, ಹಾಗಾಗಿ ಇನ್ನೊಂದು ಸಲ ನಾವೇ ನೋಡೋಣ ಅನ್ನಿಸುತ್ತದೆ.

ಮಾಡಿದವರು ಜೆಕ್ ದೇಶದ ಅಮಾನಿಟಾ ಡಿಸೈನ್, ವಿನ್ಯಾಸ ಯಾಕುಬ್ ದ್ವೊರ್ಸ್ಕಿ ಅವರದು. ತುಕ್ಕು ಹಿಡಿದ ಗೋಡೆ, ಬಾಗಿದ ಕಂಬ, ಎಲ್ಲವೂ ಕೈಯಲ್ಲೇ ಬಿಡಿಸಿದ ಚಿತ್ರಗಳು. ಸ್ವತಂತ್ರ ತಂಡಗಳು ಮಾಡಿದ ಗೇಮ್‌ಗಳ ಉತ್ಸವವಾದ ಇಂಡಿಪೆಂಡೆಂಟ್ ಗೇಮ್ಸ್ ಫೆಸ್ಟಿವಲ್‌ನಲ್ಲಿ 2009ರಲ್ಲಿ ಚಿತ್ರಕಲೆಗೆ ಪ್ರಶಸ್ತಿ ಬಂತು. ಫ್ಲೋಯೆಕ್ಸ್ ಹೆಸರಿನ ಟೊಮಾಶ್ ದ್ವೊರ್ಝಾಕ್ ಕೊಟ್ಟ ಸಂಗೀತವನ್ನು ನಾನು ಕೆಲಸ ಮಾಡುವಾಗಲೂ ಹಾಕಿಕೊಳ್ಳುತ್ತೇನೆ. ಬೀದಿಯಲ್ಲಿ ಮೂವರು ವಾದ್ಯಗಾರ ರೋಬೋಗಳು ಸಿಗುತ್ತಾರೆ. ಅವರ ತೊಂದರೆ ಬಗೆಹರಿಸಿ, ಅವರು ನುಡಿಸಲು ಶುರುಮಾಡಿದ ಮೇಲೂ ನಾವು ಆ ಸ್ಕ್ರೀನ್ ಬಿಟ್ಟು ಹೋಗುವುದಿಲ್ಲ.

ಕೊರತೆಗಳೂ ಇವೆ. ಬಾರಿನಲ್ಲಿ ಒಬ್ಬ ರೋಬೋ ಜೊತೆ ಕಾಯಿಗಳನ್ನು ಸಾಲಾಗಿ ಕೂಡಿಸುವ ಆಟ ಬರುತ್ತದೆ. ಅವನು ವಿಪರೀತ ಚುರುಕು, ಕಥೆಯ ಓಟ ಅಲ್ಲೇ ನಿಂತುಬಿಡುತ್ತದೆ. ಮಕ್ಕಳು ಕೈಬಿಡುವುದಾದರೆ ಅಲ್ಲೇ. ಕೆಲವು ವಸ್ತುಗಳು ಹಿನ್ನೆಲೆಯ ಕಂದು ಬಣ್ಣದಲ್ಲಿ ಬೆರೆತುಹೋಗಿವೆ, ಅಪ್ಪನ ಕಣ್ಣಿಗೆ ಕಾಣುವುದೇ ಇಲ್ಲ. ಆದ್ದರಿಂದ ಫೋನ್‌ನಲ್ಲಿ ಆಡುವುದು ಬೇಡ, ಟ್ಯಾಬ್ ಇಲ್ಲವೇ ಕಂಪ್ಯೂಟರ್ ಇರಲಿ. ಎಲ್ಲ ಒಗಟು ಬಿಡಿಸಿದ ಮೇಲೆ ಮತ್ತೆ ಆಡಲು ಸ್ವಲ್ಪ ಕಾಲ ಬಿಡಬೇಕು. ಒಗಟುಗಳು ಬದಲಾಗುವುದಿಲ್ಲ.

ಜಾಹೀರಾತಿನ ಕಾಟವಿಲ್ಲ, ನಡುವೆ ನಾಣ್ಯ ಕೊಳ್ಳಿ ಎಂಬ ಪೀಡನೆಯಿಲ್ಲ, ನೆಟ್ ಬೇಡ. ಮೆಜೆಸ್ಟಿಕ್‌ನಿಂದ ಕಬ್ಬನ್ ಪಾರ್ಕ್‌ವರೆಗೆ ಮೆಟ್ರೋ ಸುರಂಗದಲ್ಲಿ ಸಿಗ್ನಲ್ ಹೋದರೂ ಮಗಳ ಆಟ ನಿಲ್ಲುವುದಿಲ್ಲ. ಏಳೆಂಟು ವರ್ಷದ ಮಕ್ಕಳಿದ್ದರೆ ಹಿರಿಯರೊಬ್ಬರನ್ನು ಪಕ್ಕಕ್ಕೆ ಕೂರಿಸಿ ಆಡಿಸಿ. ಸುಳಿವಿನ ಬಟನ್ ಒತ್ತುವುದು ಯಾರು ಎಂದು ಮೊದಲೇ ಮಾತಾಡಿಕೊಂಡಿರಿ.