ಎಕ್ಸ್‌ಚೇಂಜ್‌ನಲ್ಲಿ ಕ್ರಿಪ್ಟೊ ಇಟ್ಟು ನಿಶ್ಚಿಂತರಾಗಿದ್ದೀರಾ? ವಜೀರ್‌ಎಕ್ಸ್ ಗ್ರಾಹಕರಿಗೆ ಆದದ್ದು ನೋಡಿ

2024ರ ಜುಲೈ 18ರಂದು ಭಾರತದ ಕ್ರಿಪ್ಟೊ ಎಕ್ಸ್‌ಚೇಂಜ್ ವಜೀರ್‌ಎಕ್ಸ್‌ನ ಒಂದು ವಾಲೆಟ್, ಅಂದರೆ ಕ್ರಿಪ್ಟೊ ಇಡುವ ಡಿಜಿಟಲ್ ತಿಜೋರಿ, ಖಾಲಿಯಾಯಿತು. ಹೋದದ್ದು ಸುಮಾರು 23 ಕೋಟಿ ಡಾಲರ್. ಆಗಿನ ದರದಲ್ಲಿ ಎರಡು ಸಾವಿರ ಕೋಟಿ ರೂಪಾಯಿಯ ಆಸುಪಾಸು, ಅಂದರೆ ಗ್ರಾಹಕರ ಕ್ರಿಪ್ಟೊದಲ್ಲಿ ಹತ್ತಿರಹತ್ತಿರ ಶೇ 45. ಕಳುವಾದದ್ದೆಲ್ಲ ಎಥೀರಿಯಂ ಎಂಬ ಬ್ಲಾಕ್‌ಚೈನ್ ಮೇಲಿನ ಸರಕು: ಶಿಬಾ ಇನು, ಈಥರ್, ಮ್ಯಾಟಿಕ್, ಪೆಪೆ ಇತ್ಯಾದಿ. ಬಿಟ್‌ಕಾಯಿನ್ ಆ ವಾಲೆಟ್‌ನಲ್ಲಿ ಇರಲೇ ಇಲ್ಲ. ಆದರೂ ಬರೀ ಬಿಟ್‌ಕಾಯಿನ್ ಇಟ್ಟುಕೊಂಡಿದ್ದವರಿಗೂ ಅಂದಿನಿಂದ ವಿತ್‌ಡ್ರಾ ಬಂದ್.

"ನನ್ನ ಕಾಯಿನ್ ಕಳುವಾಗಿಲ್ಲವಲ್ಲ, ನನಗೇಕೆ ಶಿಕ್ಷೆ?" ಎಂದು ಕೇಳಿದವರು ಬಹಳ. ಎಕ್ಸ್‌ಚೇಂಜ್‌ನೊಳಗೆ 'ನಿಮ್ಮ' ಕಾಯಿನ್ ಅಂತ ಬೇರೆ ಎತ್ತಿಟ್ಟಿರುವುದಿಲ್ಲ. ಎಲ್ಲರದೂ ಒಂದೇ ಕಣಜ. ಆ್ಯಪ್‌ನಲ್ಲಿ ಕಾಣುವ 0.05 ಎಂಬುದು ಅವರ ಡೇಟಾಬೇಸ್‌ನ ಒಂದು ಸಾಲು. ಅಂಗಡಿಯ ಉದ್ರಿ ಪುಸ್ತಕದಲ್ಲಿ ಬರೆದಿಟ್ಟ ಹಾಗೆ. ಇಲ್ಲಿ ಉದ್ರಿ ಕೊಟ್ಟವರು ನೀವು.

ಆ ತಿಂಗಳ ಕೊನೆಗೆ ನಷ್ಟವನ್ನು ಎಲ್ಲರ ಮೇಲೂ ಹಂಚುವ 55/45ರ ಸೂತ್ರವೊಂದು (ಶೇ 55 ಕೈಗೆ, ಶೇ 45 ತಡೆಹಿಡಿ) ಬಂತು. ಜನ ರೊಚ್ಚಿಗೆದ್ದ ಮೇಲೆ ಅದು ಮೂಲೆಗೆ ಸೇರಿತು. ಆಗಸ್ಟ್ ಕೊನೆಯಲ್ಲಿ ರೂಪಾಯಿ ಬ್ಯಾಲೆನ್ಸ್‌ನ ಶೇ 66ರಷ್ಟನ್ನು ಮಾತ್ರ, ಅದೂ ಕಂತಿನಲ್ಲಿ, ತೆಗೆಯಲು ಬಿಟ್ಟರು. ಕ್ರಿಪ್ಟೊದ ಕತೆ ಸಿಂಗಾಪುರದ ಹೈಕೋರ್ಟಿಗೆ ಹೋಯಿತು, ಏಕೆಂದರೆ ಮೂಲ ಕಂಪನಿ ನೋಂದಣಿಯಾಗಿದ್ದು ಅಲ್ಲಿ. ಭಾರತದ ಬ್ಯಾಂಕ್ ಖಾತೆಯಿಂದ ದುಡ್ಡು ಹಾಕಿದವರಲ್ಲಿ ಎಷ್ಟೋ ಮಂದಿಗೆ ಇದು ಗೊತ್ತಾದದ್ದೇ ಆಗ. ವಹಿವಾಟು ಮತ್ತೆ ಶುರುವಾಗಿದ್ದು 2025ರ ಅಕ್ಟೋಬರ್ 24ಕ್ಕೆ. ಆ ಹದಿನೈದು ತಿಂಗಳ ನಡುವೆ ಬಿಟ್‌ಕಾಯಿನ್ ಒಂದು ಲಕ್ಷ ಡಾಲರ್ ದಾಟಿತು. ಒಳಗೆ ಸಿಕ್ಕಿಕೊಂಡವರು ಮಾರುವ ಹಾಗಿಲ್ಲ, ಸಾಗಿಸುವ ಹಾಗಿಲ್ಲ, ನೋಡಬಹುದು ಅಷ್ಟೆ.

ಇಂಥ ಕಡೆ ಬೆಲೆಯ ದಿನಾಂಕವೇ ದೊಡ್ಡ ಹೊಡೆತ. ಎಫ್‌ಟಿಎಕ್ಸ್ ಎಂಬ ದೊಡ್ಡ ಎಕ್ಸ್‌ಚೇಂಜ್ 2022ರ ನವೆಂಬರ್ 11ರಂದು ದಿವಾಳಿ ಅರ್ಜಿ ಹಾಕಿತು. ಗ್ರಾಹಕರ ಹಕ್ಕನ್ನು ಲೆಕ್ಕ ಹಾಕಿದ್ದು ಅಂದಿನ ದರಕ್ಕೆ, ಒಂದು ಬಿಟ್‌ಕಾಯಿನ್‌ಗೆ 16,871 ಡಾಲರ್. ಹಾಗಾಗಿ "ಶೇ ನೂರಕ್ಕಿಂತ ಹೆಚ್ಚು ವಾಪಸ್ ಕೊಟ್ಟೆವು" ಎಂಬ ಸುದ್ದಿ ಓದುವಾಗ ಯಾವ ದಿನದ ನೂರು ಎಂದು ಕೇಳಿಕೊಳ್ಳಿ. ಟೋಕಿಯೋದ ಮೌಂಟ್ ಗಾಕ್ಸ್ ಎಕ್ಸ್‌ಚೇಂಜ್ ಮುಳುಗಿದ್ದು 2014ರಲ್ಲಿ, ಬಾಕಿ ಬರಬೇಕಿದ್ದವರಿಗೆ ಕಾಯಿನ್ ಹಂಚಲು ಶುರುವಾಗಿದ್ದು 2024ರಲ್ಲಿ.

ಕಳ್ಳತನ ಆದ ಬಗೆ ಮುಖ್ಯ, ಏಕೆಂದರೆ ಮನೆಯಲ್ಲಿ ವಾಲೆಟ್ ಇಟ್ಟುಕೊಳ್ಳುವವರೂ ಅದೇ ಹಳ್ಳಕ್ಕೆ ಬೀಳುತ್ತಾರೆ. ವಜೀರ್‌ಎಕ್ಸ್‌ನದು ಮಲ್ಟಿಸಿಗ್, ಅಂದರೆ ಹಲವರ ಸಹಿ ಬೇಕಾದ, ವಾಲೆಟ್. ಆರು ಸಹಿದಾರರು: ಐವರು ಎಕ್ಸ್‌ಚೇಂಜ್ ಕಡೆಯವರು, ಒಬ್ಬರು ವಾಲೆಟ್ ಕಾಯುವ ಕಸ್ಟಡಿ ಸಂಸ್ಥೆಯವರು. ಎಕ್ಸ್‌ಚೇಂಜ್‌ನ ಮೂವರು ಹಾರ್ಡ್‌ವೇರ್ ವಾಲೆಟ್‌ನಲ್ಲಿ (ಕ್ರಿಪ್ಟೊದ ರಹಸ್ಯ ಕೀ ಇಡುವ ಪುಟ್ಟ ಸಾಧನ) ಸಹಿ ಹಾಕಬೇಕು, ಕೊನೆಯ ಸಹಿ ಕಸ್ಟಡಿಯವರದು. ಕಳಿಸಬಹುದಾದ ವಿಳಾಸಗಳಿಗೆ ವೈಟ್‌ಲಿಸ್ಟ್ (ಮೊದಲೇ ಒಪ್ಪಿದ ಪಟ್ಟಿ) ಬೇರೆ. ಇಷ್ಟೆಲ್ಲ ಬೀಗವಿದ್ದೂ ಹೋಯಿತು. ಕಂಪ್ಯೂಟರ್ ಪರದೆ ತೋರಿಸಿದ್ದೊಂದು, ಸಹಿ ಬಿದ್ದದ್ದು ಇನ್ನೊಂದಕ್ಕೆ. ಆ ಸಹಿ ವಾಲೆಟ್‌ನ ಒಳಗಿನ ಕಾಂಟ್ರ್ಯಾಕ್ಟನ್ನೇ, ಅಂದರೆ ಅದನ್ನು ನಡೆಸುವ ಕೋಡನ್ನೇ, ಬದಲಾಯಿಸಿ ಕಳ್ಳನ ಕೈಗೆ ಕೊಟ್ಟಿತು. ಆಮೇಲೆ ಅವನಿಗೆ ಯಾರ ಸಹಿಯೂ ಬೇಕಿರಲಿಲ್ಲ. ತಪ್ಪು ಯಾರ ಕಡೆಯದು ಎಂದು ಎರಡೂ ಸಂಸ್ಥೆಗಳು ಒಬ್ಬರತ್ತ ಒಬ್ಬರು ಬೆರಳು ತೋರಿಸಿದವು. 2025ರ ಫೆಬ್ರವರಿ 21ರಂದು ಬೈಬಿಟ್ ಎಕ್ಸ್‌ಚೇಂಜ್‌ನಿಂದ ನಾಲ್ಕು ಲಕ್ಷಕ್ಕೂ ಹೆಚ್ಚು ಈಥರ್ ಹೋದದ್ದೂ ಹೆಚ್ಚುಕಡಿಮೆ ಇದೇ ರೀತಿ. ಹಾರ್ಡ್‌ವೇರ್ ವಾಲೆಟ್‌ನ ಪುಟ್ಟ ಪರದೆಯಲ್ಲಿ ಅರ್ಥವಾಗದ ಅಕ್ಷರ-ಅಂಕಿಗಳ ಉದ್ದನೆಯ ಸಾಲು (ಹ್ಯಾಶ್) ಮಾತ್ರ ಕಂಡಾಗ "ಸರಿ" ಒತ್ತುವುದಕ್ಕೆ ಬ್ಲೈಂಡ್ ಸೈನಿಂಗ್ ಎನ್ನುತ್ತಾರೆ. ಖಾಲಿ ಚೆಕ್ಕಿಗೆ ಸಹಿ ಹಾಕಿದಂತೆಯೇ. ಆ ಸೆಟ್ಟಿಂಗ್ ನಿಮ್ಮ ಸಾಧನದಲ್ಲಿ ಆನ್ ಆಗಿದ್ದರೆ ಈಗಲೇ ಆಫ್ ಮಾಡಿ.

ಇನ್ನೊಂದು ಭ್ರಮೆ: "ನಮ್ಮ ಎಕ್ಸ್‌ಚೇಂಜ್ ಎಫ್‌ಐಯುನಲ್ಲಿ ನೋಂದಣಿಯಾಗಿದೆ". ಎಫ್‌ಐಯು ಅಂದರೆ ಕೇಂದ್ರದ ಹಣಕಾಸು ಗುಪ್ತಚರ ಘಟಕ, ಆ ನೋಂದಣಿ ಇರುವುದು ಅಕ್ರಮ ಹಣ ತಡೆಗೆ. ಬ್ಯಾಂಕ್ ಮುಳುಗಿದರೆ ಠೇವಣಿಗೆ 5 ಲಕ್ಷ ರೂಪಾಯಿವರೆಗೆ ವಿಮೆ ಇದೆ, ಕ್ರಿಪ್ಟೊಗೆ ಅಂಥದ್ದು ಯಾವುದೂ ಇಲ್ಲ. 'ಪ್ರೂಫ್ ಆಫ್ ರಿಸರ್ವ್' ಪುಟ ನೋಡಿ ಸಮಾಧಾನ ಪಡುವವರಿಗೆ ಒಂದು ಮಾತು: ಅದು ಆ ಕ್ಷಣ ತಿಜೋರಿಯಲ್ಲಿ ಎಷ್ಟಿದೆ ಎನ್ನುತ್ತದೆ, ಒಟ್ಟು ಬಾಕಿ ಎಷ್ಟು, ನಾಳೆ ಬೆಳಿಗ್ಗೆ ತಿಜೋರಿಯಲ್ಲಿ ಉಳಿದಿರುತ್ತದೆಯೇ ಎಂದು ಹೇಳುವುದಿಲ್ಲ.

ಇನ್ನು ಹೊರಗೆ ತೆಗೆಯುವ ಕೆಲಸ. ಮೊದಲು ನಿಮ್ಮ ಆ್ಯಪ್ ಕ್ರಿಪ್ಟೊವನ್ನು ಹೊರಗಿನ ವಾಲೆಟ್‌ಗೆ ಕಳಿಸಲು ಬಿಡುತ್ತದೆಯೇ ನೋಡಿ. ಕೊಳ್ಳುವುದು, ಮಾರುವುದು ಎರಡನ್ನೇ ಕೊಟ್ಟು ಕಳಿಸುವ ಬಟನ್ ಇಡದ ಆ್ಯಪ್‌ಗಳೂ ಇವೆ. ಅಂಥ ಕಡೆ ದೊಡ್ಡ ಮೊತ್ತ ಇಡಬಾರದು ಎಂಬುದರಲ್ಲಿ ಎರಡು ಮಾತಿಲ್ಲ. ನಿಮ್ಮ ಒಟ್ಟು ಕ್ರಿಪ್ಟೊ ಒಂದು ಹಾರ್ಡ್‌ವೇರ್ ವಾಲೆಟ್‌ನ ಬೆಲೆಗಿಂತ ಕಡಿಮೆಯಿದ್ದರೆ ಫೋನ್ ವಾಲೆಟ್ ಸಾಕು, ದುಂದು ಬೇಡ.

ಸಾಧನವನ್ನು ತಯಾರಕರ ತಾಣದಿಂದ ಅಥವಾ ಅವರೇ ಹೆಸರಿಸಿದ ಮಾರಾಟಗಾರರಿಂದ ತರಿಸಿ. ಸೆಕೆಂಡ್ ಹ್ಯಾಂಡ್ ಬೇಡವೇ ಬೇಡ. ವಾಲೆಟ್‌ನ ಕೀಯನ್ನು ಮರಳಿ ಪಡೆಯಲು 24 ರಹಸ್ಯ ಪದ ಇರುತ್ತವೆ, ಇವೇ ಸೀಡ್ ಪದಗಳು. ಡಬ್ಬಿಯೊಳಗೆ ಅವು ಮೊದಲೇ ಅಚ್ಚಾದ ಕಾರ್ಡ್ ಬಂದರೆ ಅದು ಬಲೆ. ಪದಗಳು ಹುಟ್ಟಬೇಕಾದದ್ದು ನಿಮ್ಮೆದುರು, ಸಾಧನದ ಪರದೆಯ ಮೇಲೆ. ಡೆಲಿವರಿಗೆ ಆಫೀಸಿನ ವಿಳಾಸ ಕೊಟ್ಟರೆ ವಾಸಿ. 2020ರಲ್ಲಿ ಹಾರ್ಡ್‌ವೇರ್ ವಾಲೆಟ್ ತಯಾರಿಸುವ ಲೆಜರ್ ಕಂಪನಿಯ ಸುಮಾರು 2.7 ಲಕ್ಷ ಗ್ರಾಹಕರ ಹೆಸರು, ಮನೆ ವಿಳಾಸ, ಫೋನ್ ನಂಬರ್ ಸೋರಿಕೆಯಾಗಿ, ಕೆಲವರ ಮನೆಗೆ ನಕಲಿ ಸಾಧನಗಳು ಅಂಚೆಯಲ್ಲಿ ಬಂದವು.

ಆ 24 ಪದಗಳನ್ನು ಬರೆದುಕೊಳ್ಳುವಾಗಲೇ ಹೆಚ್ಚು ಜನ ಎಡವುವುದು. ಪದಗಳು 2048 ಇಂಗ್ಲಿಷ್ ಪದಗಳ ನಿಗದಿತ ಪಟ್ಟಿಯವು, ಮೊದಲ ನಾಲ್ಕು ಅಕ್ಷರ ಯಾವ ಎರಡು ಪದಕ್ಕೂ ಒಂದೇ ಇರುವುದಿಲ್ಲ. ಇವನ್ನು ದಯವಿಟ್ಟು ಕನ್ನಡ ಲಿಪಿಯಲ್ಲಿ ಬರೆಯಬೇಡಿ. 'ರೈಟ್' ಎಂದು ಬರೆದಿಟ್ಟರೆ ಅದು ಬಲಗಡೆಯ ರೈಟೋ, ಬರೆಯುವ ರೈಟೋ? ಎರಡೂ ಆ ಪಟ್ಟಿಯಲ್ಲಿವೆ. 'ಪೇರ್' ಎಂದರೆ ಜೋಡಿಯೋ, ಹಣ್ಣೋ? ಎರಡೂ ಇವೆ. ಇಂಗ್ಲಿಷ್ ಅಕ್ಷರದಲ್ಲೇ, ಬಿಡಿಬಿಡಿಯಾಗಿ, ಕ್ರಮಸಂಖ್ಯೆ ಹಾಕಿ ಬರೆಯಿರಿ. ಕೊನೆಯ ಪದದಲ್ಲಿ ಉಳಿದವನ್ನು ತಾಳೆ ನೋಡುವ ಚೆಕ್‌ಸಮ್ ಅಡಗಿರುತ್ತದೆ. ಒಂದು ಪದ ತಪ್ಪಿದರೆ ಸಾಧನ ಬಹುತೇಕ ಸಲ "ಸರಿಯಿಲ್ಲ" ಎನ್ನುತ್ತದೆ, ಯಾವುದು ತಪ್ಪು ಎನ್ನುವುದಿಲ್ಲ.

ಫೋಟೊ ತೆಗೆಯಬೇಡಿ. ತೆಗೆದ ಮರುಕ್ಷಣ ಅದು ಕ್ಲೌಡ್ ಬ್ಯಾಕಪ್‌ಗೆ ಹೋಗಿರಬಹುದು. ಗ್ಯಾಲರಿಯ ಚಿತ್ರಗಳನ್ನು ಓದಿ ಸೀಡ್ ಪದಗಳನ್ನು ಹೆಕ್ಕುವ ಸ್ಪಾರ್ಕ್‌ಕ್ಯಾಟ್ ಎಂಬ ಮಾಲ್‌ವೇರ್ 2025ರಲ್ಲಿ ಗೂಗಲ್ ಪ್ಲೇ, ಆ್ಯಪ್ ಸ್ಟೋರ್ ಎರಡರಲ್ಲೂ ಸಿಕ್ಕಿತ್ತು. ವಾಟ್ಸ್ಆ್ಯಪ್‌ನಲ್ಲಿ ತನಗೆ ತಾನೇ ಕಳಿಸಿಕೊಳ್ಳುವುದೂ ಅಷ್ಟೇ ಅಪಾಯ. ಕಾಗದದ ಮೇಲೆ ಜೆಲ್ ಪೆನ್ ಬೇಡ, ಒಂದು ಹನಿ ನೀರಿಗೆ ಹರಡುತ್ತದೆ. ಪೆನ್ಸಿಲ್ ಅಥವಾ ಬಾಲ್ ಪೆನ್ ಇರಲಿ. ಮಲೆನಾಡು, ಕರಾವಳಿಯ ಮನೆಗಳಲ್ಲಿ ಮಳೆಗಾಲದ ಬೂಷ್ಟು, ಗೆದ್ದಲು ಎರಡನ್ನೂ ನೆನಪಿಡಿ. ಮೊತ್ತ ದೊಡ್ಡದಿದ್ದರೆ ಸ್ಟೀಲ್ ತಗಡಿನ ಮೇಲೆ ಪಂಚ್ ಮಾಡಿ: ಒಂದು ಪ್ರತಿ ಮನೆಯಲ್ಲಿ, ಇನ್ನೊಂದು ಬೇರೆ ಕಟ್ಟಡದಲ್ಲಿ. ಹನ್ನೆರಡು ಪದ ಇಲ್ಲಿ, ಹನ್ನೆರಡು ಅಲ್ಲಿ ಎಂದು ಹರಿದಿಡುವ ಜಾಣತನ ಬೇಡ. ಒಂದು ಅರ್ಧ ಕಳೆದರೂ ಎಲ್ಲ ಹೋಯಿತು.

ಮುಂದಿನದು ಬಹುತೇಕರು ಬಿಟ್ಟುಬಿಡುವ ಹೆಜ್ಜೆ. ವಾಲೆಟ್‌ಗೆ ನೂರಿನ್ನೂರು ರೂಪಾಯಿಯಷ್ಟು ಮಾತ್ರ ಕಳಿಸಿ. ಬಂದದ್ದು ಕಂಡ ಮೇಲೆ ಸಾಧನವನ್ನು ಪೂರ್ತಿ ರೀಸೆಟ್ ಮಾಡಿ, ಬರೆದಿಟ್ಟ ಪದಗಳಿಂದಲೇ ಮತ್ತೆ ಎಬ್ಬಿಸಿ. ಅದೇ ವಿಳಾಸ, ಅದೇ ಚಿಲ್ಲರೆ ಕಾಣಿಸಿದರೆ ನಿಮ್ಮ ಕಾಗದ ಸರಿ. ಉಳಿದದ್ದನ್ನು ಕಳಿಸುವುದು ಆಮೇಲೆ.

ಕಳಿಸುವಾಗ ನೆಟ್‌ವರ್ಕ್ ಗಮನಿಸಿ. ಡಾಲರ್ ಬೆಲೆಗೆ ಕಟ್ಟಿದ ಯುಎಸ್‌ಡಿಟಿ ಕಾಯಿನ್ ಒಂದೇ ಹೆಸರಲ್ಲಿ ಎಥೀರಿಯಂ, ಟ್ರಾನ್, ಬಿಎನ್‌ಬಿ ಚೈನ್‌ಗಳಲ್ಲೆಲ್ಲ ಓಡುತ್ತದೆ. ಫೀ ಕಡಿಮೆ ಎಂದು ಟ್ರಾನ್ ಆರಿಸಿದರೆ, ಆಮೇಲೆ ಅಲ್ಲಿಂದ ಸಾಗಿಸಲು ಟ್ರಾನ್‌ನದೇ ಕಾಯಿನ್ ಟಿಆರ್‌ಎಕ್ಸ್ ಬೇಕು. ಕೈಯಲ್ಲಿ ಸಾವಿರ ಯುಎಸ್‌ಡಿಟಿ ಇದ್ದೂ ಗ್ಯಾಸ್‌ಗೆ, ಅಂದರೆ ನೆಟ್‌ವರ್ಕ್ ಶುಲ್ಕಕ್ಕೆ, ಚಿಲ್ಲರೆ ಇಲ್ಲದೆ ಕೂತವರು ಬೇಕಾದಷ್ಟು. ಎಥೀರಿಯಂ ಮತ್ತು ಬಿಎನ್‌ಬಿ ಚೈನ್ ವಿಳಾಸಗಳು ನೋಡಲು ಒಂದೇ ಥರ. ಸ್ವಂತ ವಾಲೆಟ್‌ಗೆ ತಪ್ಪು ಚೈನ್‌ನಲ್ಲಿ ಕಳಿಸಿದರೆ ಅದೇ ಕೀಯಿಂದ ತೆಗೆಯಬಹುದು. ಎಕ್ಸ್‌ಚೇಂಜ್ ವಿಳಾಸಕ್ಕೆ ಹಾಗೆ ಕಳಿಸಿದರೆ ಸಪೋರ್ಟ್ ಟಿಕೆಟ್ ಹಿಡಿದು ಅಲೆಯಬೇಕು. ಎಕ್ಸ್‌ಆರ್‌ಪಿ ಕಾಯಿನನ್ನು ಎಕ್ಸ್‌ಚೇಂಜ್‌ಗೆ ಹಿಂತಿರುಗಿಸುವಾಗ ನಿಮ್ಮ ಖಾತೆ ಗುರುತಿಸುವ ಟ್ಯಾಗ್ ಸಂಖ್ಯೆ ಬಿಟ್ಟರೂ ಇದೇ ಗತಿ.

ವಿಳಾಸದ ಮೊದಲ ನಾಲ್ಕು, ಕೊನೆಯ ನಾಲ್ಕು ಅಕ್ಷರ ನೋಡಿ ಬಿಡುವುದು ಸಾಲದು. ನೀವು ಬಳಸುವ ವಿಳಾಸದ ಹಾಗೇ ತುದಿಮೊದಲಿರುವ ಇನ್ನೊಂದನ್ನು ಸೃಷ್ಟಿಸಿ, ಅದರಿಂದ ಸೊನ್ನೆ ಮೊತ್ತ ಕಳಿಸಿ ನಿಮ್ಮ ಹಿಸ್ಟರಿಯಲ್ಲಿ ಕೂರಿಸುವ ಕಳ್ಳರಿದ್ದಾರೆ. ಹಿಸ್ಟರಿಯಿಂದ ಕಾಪಿ ಮಾಡಿದಿರೋ, ಹೋಯಿತು. 2024ರ ಮೇನಲ್ಲಿ ಒಬ್ಬರು ಹೀಗೆ, ಎಥೀರಿಯಂ ಮೇಲೆ ಓಡುವ ಬಿಟ್‌ಕಾಯಿನ್ ರೂಪವಾದ, 1,155 ರ‍್ಯಾಪ್ಡ್ ಬಿಟ್‌ಕಾಯಿನ್ ಕಳಿಸಿಬಿಟ್ಟರು. ಕಳ್ಳ ಬಹುಪಾಲು ಹಿಂದಿರುಗಿಸಿದ. ಆ ಅದೃಷ್ಟ ಎಲ್ಲರಿಗೂ ಇರುವುದಿಲ್ಲ. ಕಂಪ್ಯೂಟರಿನ ಪರದೆ ಬಿಟ್ಟು ಸಾಧನದ ಪರದೆಯಲ್ಲಿ, ನಡುವಿನ ಅಕ್ಷರಗಳನ್ನೂ ಸೇರಿಸಿ ಓದಿ.

ತೆರಿಗೆ ಬಗ್ಗೆ ಚುಟುಕಾಗಿ: ಎಕ್ಸ್‌ಚೇಂಜ್‌ನಿಂದ ನಿಮ್ಮದೇ ವಾಲೆಟ್‌ಗೆ ಸಾಗಿಸಿದರೆ ಅದು ಮಾರಾಟವಲ್ಲ. ಆದರೆ ಮುಂದೆ ಮಾರಿದಾಗ ಲಾಭದ ಮೇಲೆ ಶೇ 30, ಜೊತೆಗೆ ಸೆಸ್. ಕಳೆಯಲು ಬಿಡುವುದು ಕೊಂಡ ಬೆಲೆಯನ್ನಷ್ಟೇ. ಆ ಬೆಲೆಯ ದಾಖಲೆ ಎಕ್ಸ್‌ಚೇಂಜ್‌ನ ಸ್ಟೇಟ್‌ಮೆಂಟ್‌ನಲ್ಲಿದೆ. ಅದನ್ನು ಇವತ್ತೇ ಇಳಿಸಿಟ್ಟುಕೊಳ್ಳಿ, ಆ್ಯಪ್ ಮುಚ್ಚಿದ ಮೇಲೆ ಸಿಗುವ ಭರವಸೆ ಇಲ್ಲ.

ಈಗಾಗಲೇ ಕಳೆದುಕೊಂಡಿದ್ದರೆ ತಡಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ ದೂರು ದಾಖಲಿಸಿ, ಟ್ರಾನ್ಸಾಕ್ಷನ್ ಹ್ಯಾಶ್ (ವಹಿವಾಟಿನ ಗುರುತು ಸಾಲು) ಕೊಡಿ. ಅಳಲು ತೋಡಿಕೊಂಡು ಎಲ್ಲಾದರೂ ಬರೆದರೆ ಗಂಟೆಯೊಳಗೆ ಟೆಲಿಗ್ರಾಂನಲ್ಲಿ "ರಿಕವರಿ ಎಕ್ಸ್‌ಪರ್ಟ್" ಹಾಜರಾಗುತ್ತಾನೆ. ಮುಂಗಡ ಕೇಳುತ್ತಾನೆ, ಇಲ್ಲವೇ "ವಾಲೆಟ್ ಸಿಂಕ್ ಮಾಡಲು" ನಿಮ್ಮ 24 ಪದ ಕೇಳುತ್ತಾನೆ. ಅವನು ಎರಡನೆಯ ಕಳ್ಳ.