ಬೀಟೆಯ ಆರಾಮ ಕುರ್ಚಿ ಮತ್ತು ಬೆತ್ತದ ಸೋಫಾ: ಹದಿನಾಲ್ಕು ವರ್ಷಗಳ ಬಳಕೆಯ ನಂತರ

2011ರ ದಸರಾ ಮುಗಿದ ವಾರ, ಮೈಸೂರಿನ ಹಳೆಯ ಸಾಮಾನಿನ ಅಂಗಡಿಯೊಂದರಲ್ಲಿ ಉದ್ದ ಕೈಗಳ ಆರಾಮ ಕುರ್ಚಿಯೊಂದನ್ನು 16,000 ರೂಪಾಯಿಗೂ, ಮೂವರು ಕೂರಬಹುದಾದ ಬೆತ್ತದ ಸೋಫಾವೊಂದನ್ನು 22,000 ರೂಪಾಯಿಗೂ ಕೊಂಡೆವು. ಎರಡೂ ಬ್ರಿಟಿಷರ ಕಾಲದ ಅಪ್ಪಟ ಬೀಟೆ ಎಂದು ಅಂಗಡಿಯವರು ಹೇಳಿದ್ದರು. ಕುರ್ಚಿಯ ಮಟ್ಟಿಗೆ ಮರದ ಮಾತು ನಿಜವಾಯಿತು, ಸೋಫಾದ ಮಟ್ಟಿಗೆ ಆಗಲಿಲ್ಲ. ಅಂದಿನಿಂದ ಇಂದಿನವರೆಗೆ ಸರಸ್ವತಿಪುರಂನ ನಮ್ಮ ಮನೆಯಲ್ಲಿ ಇವೆರಡೂ ದಿನನಿತ್ಯ ಬಳಕೆಯಲ್ಲಿರುವುದರಿಂದ, ಇಂಥ ಪೀಠೋಪಕರಣ ಕೊಳ್ಳಬೇಕೆಂದಿರುವವರಿಗೆ ತಿಳಿಸಬೇಕಾದ ಕೆಲವು ಸಂಗತಿಗಳು ನನ್ನಲ್ಲಿವೆ.

ಕಾಫಿ ತೋಟದ ಬಂಗಲೆಗಳ ಜಗಲಿಯಲ್ಲಿ ಕಾಣುವ ಮಾದರಿಯ ಕುರ್ಚಿ ನಮ್ಮದು. ಬೆನ್ನು ಹಿಂದಕ್ಕೆ ಬಾಗಿದೆ, ಕೂರುವ ಜಾಗ ತಗ್ಗಿನಲ್ಲಿದೆ, ಕೈಗಳ ಅಡಿಯಲ್ಲಿ ಮಡಚಿಟ್ಟ ಪಟ್ಟಿಗಳನ್ನು ಹೊರಕ್ಕೆ ತಿರುಗಿಸಿದರೆ ಅವುಗಳ ಮೇಲೆ ಕಾಲು ಚಾಚಿಕೊಳ್ಳಬಹುದು. ಏಪ್ರಿಲ್ ತಿಂಗಳ ಮಧ್ಯಾಹ್ನ, ಸ್ಪಂಜಿನ ಸೋಫಾದಲ್ಲಿ ಬೆನ್ನು ಬೆವರಿ ಅಂಟುವ ಹೊತ್ತಿನಲ್ಲಿ, ಬೆತ್ತದ ಕಣ್ಣುಗಳ ನಡುವೆ ಗಾಳಿಯಾಡುವ ಈ ಕುರ್ಚಿಯಷ್ಟು ಹಿತವಾದದ್ದನ್ನು ನಾನು ಬೇರೆ ಕಂಡಿಲ್ಲ. ಆದರೆ ವಯಸ್ಸಾದವರಿಗೆ ಇದರಿಂದ ಏಳುವುದು ಕಷ್ಟ. ನಮ್ಮ ತಂದೆಯವರು ಇದನ್ನು ಬಹಳ ಇಷ್ಟಪಟ್ಟಿದ್ದರು. ಎಪ್ಪತ್ತೆಂಟು ದಾಟಿ ಮಂಡಿನೋವು ಹೆಚ್ಚಿದ ಮೇಲೆ, ಯಾರಾದರೂ ಕೈಹಿಡಿದು ಎಬ್ಬಿಸಬೇಕಾಗುತ್ತದೆಂಬ ಸಂಕೋಚದಿಂದ, ಅದರಲ್ಲಿ ಕೂರುವುದನ್ನೇ ಬಿಟ್ಟರು.

ಸೋಫಾದ ಬಣ್ಣದ ಗುಟ್ಟು ತಿಳಿದದ್ದು 2014ರಲ್ಲಿ. ಹಳೆಯ ಪಾಲಿಶ್ ತೆಗೆದು ಉಪ್ಪುಕಾಗದದಿಂದ ಉಜ್ಜಿದಾಗ, ಕಪ್ಪು ಬಣ್ಣದ ಅಡಿಯಿಂದ ಹೊನ್ನಿನ ಕಂದು ಛಾಯೆಯ ತೇಗ ಹೊರಬಂದಿತು. ಬೀಟೆಯಾಗಿದ್ದರೆ ಒಳಗೂ ನೇರಳೆ ಬೆರೆತ ಗಾಢ ಕಂದು, ಅದರಲ್ಲಿ ಕಪ್ಪು ಗೆರೆ ಇರುತ್ತಿತ್ತು. ತೂಕದಲ್ಲಿಯೂ ಗುರುತಿಸಬಹುದಿತ್ತು: ಒಣಗಿದ ಬೀಟೆ ಘನಮೀಟರಿಗೆ ಸುಮಾರು 830 ಕಿಲೋ ತೂಗಿದರೆ ತೇಗ ಸುಮಾರು 650 ಕಿಲೋ ತೂಗುತ್ತದೆ. ತೇಗವೇನೂ ಕೀಳು ಮರವಲ್ಲ. ಅದರ ಚೇಗಿನಲ್ಲಿ ಎಣ್ಣೆಯ ಅಂಶವಿರುವುದರಿಂದ ಗೆದ್ದಲು ಸುಲಭವಾಗಿ ಹಿಡಿಯುವುದಿಲ್ಲ. ಬೀಟೆಯ ಬೆಲೆ ಪಡೆದು ತೇಗ ಕೊಟ್ಟರೆಂಬುದೇ ನನ್ನ ದೂರು. ಕೊಳ್ಳುವ ಮುನ್ನ ಕುರ್ಚಿಯನ್ನು ಮಗುಚಿ, ಬಣ್ಣ ತಾಗದ ಒಳಮೈ ತೋರಿಸುವಂತೆ ಕೇಳಬೇಕು. ಹಾಗೆ ಮಗುಚಿದಾಗ ಸ್ಕ್ರೂಗಳನ್ನೂ ನೋಡಬೇಕು. ತಲೆಯ ಮೇಲೆ ಪ್ಲಸ್ ಗುರುತಿರುವ ಸ್ಕ್ರೂ ಬಳಕೆಗೆ ಬಂದದ್ದು 1930ರ ದಶಕದಲ್ಲಿ. ನೂರಿಪ್ಪತ್ತು ವರ್ಷದ ಕುರ್ಚಿ ಎಂದು ಹೇಳುವ ವಸ್ತುವಿನಲ್ಲಿ ಅದು ಕಂಡರೆ, ದುರಸ್ತಿಯಾಗಿದೆ ಅಥವಾ ವಸ್ತುವೇ ಹೊಸದು ಎಂದರ್ಥ.

ಮರಕ್ಕಿಂತ ಹೆಚ್ಚು ವಿಚಾರಿಸಬೇಕಾದದ್ದು ಬೆತ್ತವನ್ನು. ಮರ ಮೊಮ್ಮಕ್ಕಳ ಕಾಲಕ್ಕೂ ಉಳಿಯುತ್ತದೆ, ಬೆತ್ತ ಸವೆಯುತ್ತದೆ. ನಮ್ಮ ಕುರ್ಚಿಯ ಚೌಕಟ್ಟಿನ ಸುತ್ತ ಸಣ್ಣ ತೂತುಗಳಿವೆ. ನೀರಿನಲ್ಲಿ ನೆನೆಸಿದ ಬೆತ್ತದ ಎಳೆಗಳನ್ನು ಅವುಗಳ ಮೂಲಕ ಮೊದಲು ಉದ್ದಕ್ಕೆ ಎರಡು ಸಲ, ಅಡ್ಡಕ್ಕೆ ಎರಡು ಸಲ, ಆಮೇಲೆ ಎರಡೂ ಮೂಲೆಗಳಿಂದ ಓರೆಯಾಗಿ ಒಂದೊಂದು ಸಲ ಹಾಯಿಸಿ ಹೆಣೆದರೆ ಎಂಟು ಮೂಲೆಯ ಕಣ್ಣುಗಳು ಮೂಡುತ್ತವೆ. ಎಳೆ ಒಣಗಿದಂತೆ ಹೆಣಿಗೆ ತಮಟೆಯ ಚರ್ಮದಂತೆ ಬಿಗಿಯುತ್ತದೆ. ಸೋಫಾದಲ್ಲಿ ಇದ್ದದ್ದು ಬೇರೆ ಬಗೆ: ಯಂತ್ರದಲ್ಲಿ ನೇಯ್ದ ಬೆತ್ತದ ಹಾಳೆಯನ್ನು ಕತ್ತರಿಸಿ, ಚೌಕಟ್ಟಿನ ಕಾಲುವೆಯೊಳಗೆ ಒತ್ತಿ, ಮೇಲೆ ಅಂಟು ಹಾಕಿ ಪಟ್ಟಿ ಬಡಿದಿದ್ದರು. ಕುರ್ಚಿಯ ಕೈಹೆಣಿಗೆ ಎಂಟು ವರ್ಷ ಬಾಳಿತು. ಸೋಫಾದ ಹಾಳೆ ಮೂರೇ ವರ್ಷಕ್ಕೆ, ತೊಡೆಯ ಭಾರ ಬೀಳುವ ಮುಂದಿನ ಅಂಚಿನಲ್ಲಿ ಹರಿಯಿತು. ಒಂದು ಕಡೆ ಹರಿದರೂ ಇಡೀ ಹಾಳೆಯನ್ನೇ ಬದಲಿಸಬೇಕಾಗುತ್ತದೆ. ಪಾಲಿಶ್ ತೆಗೆಸಿದ ಸಮಯದಲ್ಲೇ, ಬೀಟೆಯ ಇನ್‌ಲೇ ಕೆಲಸಕ್ಕೆ ಹೆಸರಾದ ಮಂಡಿ ಮೊಹಲ್ಲಾದ ಬಡಗಿಯೊಬ್ಬರಿಂದ ಕಾಲುವೆಯನ್ನು ತೇಗದ ಪಟ್ಟಿಯಿಂದ ತುಂಬಿಸಿ, ತೂತು ಕೊರೆಸಿ, ಕೈಹೆಣಿಗೆಗೆ ಬದಲಾಯಿಸಿಕೊಂಡೆವು.

ಹೆಣೆದುಕೊಟ್ಟವರು ದೃಷ್ಟಿಯಿಲ್ಲದ ಹಿರಿಯರು. ಕುರ್ಚಿಗೆ ಬೆತ್ತ ಹೆಣೆಯುವುದು ಒಂದು ಕಾಲದಲ್ಲಿ ಅಂಧರ ಶಾಲೆಗಳಲ್ಲಿ ಕಲಿಸುತ್ತಿದ್ದ ಕಸುಬು. ಅವರು ನಮ್ಮ ಜಗಲಿಯಲ್ಲೇ ಕುಳಿತು, ಬೆರಳ ತುದಿಯಿಂದ ತೂತುಗಳನ್ನು ಎಣಿಸುತ್ತ ನಾಲ್ಕು ದಿನ ಕೆಲಸ ಮಾಡಿದರು. ಒಂದು ಎಳೆ ಸಡಿಲವಾಗಿದ್ದರೂ ಅಂಗೈ ಸವರಿ ಕಂಡುಹಿಡಿದು, ಬಿಚ್ಚಿ, ಮತ್ತೆ ಎಳೆಯುತ್ತಿದ್ದರು. ಪ್ಲಾಸ್ಟಿಕ್ ಎಳೆಯಿಂದ ಹೆಣೆಸಿದರೆ ಅಗ್ಗವೆಂದು ಹಲವರು ಸಲಹೆ ಕೊಟ್ಟಿದ್ದರು. ಆ ಎಳೆ ನೀರು ಹೀರಿ ಒಣಗಿ ಬಿಗಿಯುವುದಿಲ್ಲವಾದ್ದರಿಂದ ನಾನು ಒಪ್ಪಲಿಲ್ಲ.

ಹೆಣಿಗೆ ಜೋತುಬಿದ್ದರೆ ಅವರೇ ಹೇಳಿಕೊಟ್ಟ ಉಪಾಯವಿದೆ. ಒದ್ದೆ ಬಟ್ಟೆಯಿಂದ ಅಡಿಭಾಗವನ್ನು ಚೆನ್ನಾಗಿ ತೋಯಿಸಿ, ಒಂದು ದಿನ ಯಾರೂ ಕೂರದಂತೆ ನೆರಳಿನಲ್ಲಿ ಒಣಗಲು ಬಿಡಬೇಕು. ಅಡಿಭಾಗವೇ ಏಕೆಂದರೆ, ಮೇಲ್ಮೈಯ ಹೊಳೆಯುವ ಸಿಪ್ಪೆ ನೀರನ್ನು ಬೇಗ ಹೀರುವುದಿಲ್ಲ. ಮೈಸೂರಿನ ಒಣ ಹವೆಯ ಫೆಬ್ರವರಿ, ಮಾರ್ಚ್ ತಿಂಗಳುಗಳಲ್ಲಿ ನಾವು ಇದನ್ನು ತಪ್ಪದೆ ಮಾಡುತ್ತೇವೆ. ಬಲ್ಬು ಬದಲಿಸಲೆಂದು ಹೆಣಿಗೆಯ ಮೇಲೆ ಹತ್ತಿ ನಿಲ್ಲಬಾರದು, ಮೊಣಕಾಲೂರಬಾರದು. ಹರಡಿ ಕುಳಿತ ಭಾರವನ್ನು ತಡೆಯುವ ಬೆತ್ತ, ಹಿಮ್ಮಡಿಯ ಭಾರವನ್ನು ತಡೆಯುವುದಿಲ್ಲ. ತಿಗಣೆ ಸೇರುವುದೂ ಆ ತೂತುಗಳಲ್ಲೇ ಆದ್ದರಿಂದ ತಿಂಗಳಿಗೊಮ್ಮೆ ಮಗುಚಿ ನೋಡುವುದು ಅಗತ್ಯ.

ಅರಗಿನ ಪಾಲಿಶ್ ಮೇಲೆ ಬಿಸಿ ಕಾಫಿಯ ಲೋಟವಿಟ್ಟರೆ ಬಿಳಿಯ ಉಂಗುರ ಉಳಿಯುತ್ತದೆ. ಮಳೆಗಾಲದಲ್ಲಿ ಮರ ಉಬ್ಬಿ, ಕೈಯಡಿಯ ಪಟ್ಟಿಗಳು ತಿರುಗಲು ಬಿಗಿಯಾಗುತ್ತವೆ. ಬಲವಂತ ಮಾಡದೆ ಸ್ವಲ್ಪ ಮೇಣ ಸವರಿದರೆ ಸಾಕು. ವಿದೇಶದಲ್ಲಿರುವ ಮಕ್ಕಳಿಗೆ ಇಂಥ ಕುರ್ಚಿ ಕಳುಹಿಸುವ ಯೋಚನೆಯಿದ್ದರೆ, ಬೀಟೆ 2017ರ ಜನವರಿಯಿಂದ ಸೈಟಿಸ್ ಒಪ್ಪಂದದ (ಅಪಾಯದಲ್ಲಿರುವ ಪ್ರಾಣಿ, ಸಸ್ಯಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಒಪ್ಪಂದ) ಎರಡನೆಯ ಅನುಬಂಧದಲ್ಲಿರುವುದರಿಂದ ಕಾಗದಪತ್ರಗಳನ್ನು ಮೊದಲೇ ವಿಚಾರಿಸಿಕೊಳ್ಳಬೇಕು.

ಇಷ್ಟು ಆರೈಕೆ ಮಾಡಲು ಸಮಯವಿರುವವರು ಧೈರ್ಯವಾಗಿ ಕೊಳ್ಳಬಹುದು. ನಾನಂತೂ ಇವೆರಡನ್ನೂ ಮತ್ತೊಮ್ಮೆ ಕೊಳ್ಳುತ್ತೇನೆ, ಸೋಫಾವನ್ನು ಮಾತ್ರ ತೇಗದ ಬೆಲೆಗೆ. ಅದರ ಬೆನ್ನಿನ ಹೆಣಿಗೆ ಈಗ ಎರಡು ಕಡೆ ಸಡಿಲವಾಗಿದೆ. ಆ ಹಿರಿಯರು ಬೆತ್ತದ ಕಟ್ಟು ಬಂದ ಕೂಡಲೇ ಹೇಳಿಕಳುಹಿಸುವುದಾಗಿ ತಿಳಿಸಿದ್ದಾರೆ.